ಕೊಡು ಅಲ್ಲ, ಕೋಡು

ಸರ್ ನಮ್ಮ ಕಾಲೇಜಿನ ಕನ್ನಡ ವಿಭಾಗದಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಪಾಠ ಹೇಳಿದರು. ತಾಳೆಗರಿಯಿಂದ ಸಂಪಾದಿಸಿದ ಒಂದು ಷಟ್ಪದಿ ಕಾವ್ಯ, ಒಂದು ತ್ರಿಪದಿ ಸಂಗ್ರಹ, ಎರಡು ತೆಳುವಾದ ಕವನ ಸಂಕಲನ, ಒಂದಿಷ್ಟು ಸಂಶೋಧನ ಲೇಖನ. ಅಚ್ಚಾಗಿ ಉಳಿದದ್ದು ಇಷ್ಟು. ತಮ್ಮ ಬಗ್ಗೆ ಬರೆಯುವವರು ಹೆಸರು ಹಾಕಬಾರದು, ಸನ್ಮಾನದ ಮಾತು ಬರೆಯಬಾರದು, ಕೆಲಸ ಹೇಗೆ ನಡೆಯಿತು ಎಂಬುದನ್ನು ಬರೆಯಬೇಕು ಎಂದು ಅವರೇ ಹೇಳಿದ್ದರು. ಆ ಮಾತಿಗೆ ನಡೆದುಕೊಂಡು ಬರೆದಿದ್ದೇನೆ. ವಿಜಯಪುರದವರಿಗೆ ಹೆಸರಿಲ್ಲದೆಯೂ ಅವರ ಗುರುತು ಸಿಗುತ್ತದೆ.

ಅವರನ್ನು ಕೆಲವರು ವಿದ್ವಾಂಸರೆಂದು, ಕೆಲವರು ಕವಿಯೆಂದು ಕರೆಯುತ್ತಾರೆ. ಎರಡನ್ನೂ ಬೇರೆ ಬೇರೆ ಇಟ್ಟರೆ ಅವರ ಕೆಲಸ ಅರ್ಥವಾಗುವುದಿಲ್ಲ. ಕವಿಯಾದವನು ಗ್ರಂಥ ಸಂಪಾದನೆಗೆ, ಅಂದರೆ ಒಂದು ಕಾವ್ಯದ ಹಳೆಯ ಕೈಬರಹದ ಪ್ರತಿಗಳನ್ನು ಹೋಲಿಸಿ ಮೂಲ ರೂಪ ಗೊತ್ತುಮಾಡುವ ಕೆಲಸಕ್ಕೆ, ಕೂತರೆ ಒಂದು ಲಾಭ, ಒಂದು ಅಪಾಯ. ಎಲ್ಲಿ ಲಯ ತಪ್ಪಿದೆ ಎಂಬುದು ಅವನ ಕಿವಿಗೆ ಬೇಗ ಗೊತ್ತಾಗುತ್ತದೆ, ಅದು ಲಾಭ. ತಪ್ಪಿದ ಜಾಗವನ್ನು ತಾನೇ ತುಂಬಿಬಿಡಬಲ್ಲ, ತುಂಬಿದ್ದು ಯಾರಿಗೂ ತಿಳಿಯದಷ್ಟು ಚೆನ್ನಾಗಿ ತುಂಬಬಲ್ಲ, ಅದು ಅಪಾಯ. ಸರ್ ಕಿವಿಯನ್ನು ಪೂರ್ತಿ ಬಿಟ್ಟುಕೊಟ್ಟರು, ಕೈಯನ್ನು ಕಟ್ಟಿಹಾಕಿಕೊಂಡರು.

ತಾಳೆಗರಿ ಓದುವುದೆಂದರೆ ಏನು ಎಂಬುದನ್ನು ಮೊದಲು ಹೇಳಬೇಕು. ಗರಿಯ ಮೇಲೆ ಕಬ್ಬಿಣದ ಕಂಟದಿಂದ ಗೀರಿ ಬರೆದಿರುತ್ತಾರೆ. ಗೀರಿದ್ದಕ್ಕೆ ಕಾಡಿಗೆ ತೀಡಿ ಒರೆಸಿದರೆ ಕಪ್ಪು ಗೀರಿನೊಳಗೆ ಕೂತು ಅಕ್ಷರ ಕಾಣುತ್ತದೆ. ನೂರಾರು ವರ್ಷದಲ್ಲಿ ಕಪ್ಪು ಉದುರಿ ಬರಿ ಗೀರು ಉಳಿದಿರುತ್ತದೆ. ಅಂಥ ಗರಿಯನ್ನು ಎದುರು ಬೆಳಕಿಗೆ ಹಿಡಿದರೆ ಏನೂ ಕಾಣದು, ಬೆಳಕು ಪಕ್ಕದಿಂದ ಓರೆಯಾಗಿ ಬೀಳಬೇಕು. ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಮತ್ತೆ ತೀಡಬಹುದು, ಆದರೆ ಗರಿಯ ಒಡೆಯರ ಒಪ್ಪಿಗೆ ಬೇಕು, ಅಂಚು ಸೀಳಿದ ಗರಿಗೆ ಅದನ್ನು ಮಾಡಲೇಬಾರದು. ಅರಿವೆ ಎಳೆಯುವಾಗ ಸೀಳಿಗೆ ಸಿಕ್ಕು ಗರಿ ಮುರಿಯುತ್ತದೆ. ಒಣಗಿದ ಗರಿ ಬಾಗುವುದಿಲ್ಲ, ಎರಡೂ ಕೈಯಿಂದ ಎತ್ತಿ ಮಗುಚಬೇಕು. ಕಟ್ಟಿನ ದಾರ ಹಿಂದೆ ಯಾವಾಗಲೋ ಹರಿದು ಯಾರೋ ಮತ್ತೆ ಪೋಣಿಸಿದ್ದರೆ ಗರಿಗಳು ಹಿಂದುಮುಂದಾಗಿರುತ್ತವೆ. ಅದಕ್ಕಾಗಿ ಸರ್ ಓದುವ ಮೊದಲು ಎಡ ಅಂಚಿನ ಗರಿ ಸಂಖ್ಯೆಗಳನ್ನಷ್ಟೇ ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದರು. ಸವೆದ ೬ ಮತ್ತು ೯ ಅದಲುಬದಲಾಗುವುದು ಸಾಮಾನ್ಯ, ಆಗ ಪದ್ಯದ ಸಂಖ್ಯೆ ನೋಡಿ ಸರಿಪಡಿಸಬೇಕು.

ಗರಿಯಲ್ಲಿ ಪದಗಳ ನಡುವೆ ಜಾಗ ಇರುವುದಿಲ್ಲ, ಪದ್ಯದ ಸಾಲು ಮುಗಿದಲ್ಲಿ ಹೊಸ ಸಾಲು ಹಿಡಿಯುವುದೂ ಇಲ್ಲ. ಗರಿಯ ಅಂಚಿನವರೆಗೂ ಒಂದೇ ಸಮನೆ ಬರಹ. ಇನ್ನೊಂದು ದೊಡ್ಡ ತೊಡಕು ಎಂದರೆ ಹಳೆಯ ಬರವಣಿಗೆಯಲ್ಲಿ ಎ ಮತ್ತು ಏ, ಒ ಮತ್ತು ಓ ಇವುಗಳ ಹ್ರಸ್ವ ದೀರ್ಘ ಭೇದ ತೋರಿಸುವುದಿಲ್ಲ. ‘ಕೊಡು’ ಎಂದು ಬರೆದದ್ದು ಕೊಡು ಆಗಿರಬಹುದು, ಬೆಟ್ಟದ ಕೋಡೂ ಆಗಿರಬಹುದು. ಅರ್ಥ ನೋಡಿ ತೀರ್ಮಾನಿಸುತ್ತೇವೆಂದರೆ ಮೋಸ ಹೋಗುತ್ತೇವೆ, ಯಾಕೆಂದರೆ ಜಾಣನಾದ ಓದುಗ ಎರಡಕ್ಕೂ ಅರ್ಥ ಹಚ್ಚಬಲ್ಲ. ಸರ್ ಮಾತ್ರೆ ಎಣಿಸಲು ಹಚ್ಚುತ್ತಿದ್ದರು. ಮಾತ್ರೆ ಎಂದರೆ ಉಚ್ಚಾರದ ಅಳತೆ, ಲಘು ಅಕ್ಷರಕ್ಕೆ ಒಂದು, ಗುರುವಿಗೆ ಎರಡು, ಮಾತ್ರೆಗಳ ಗುಂಪು ಗಣ.

ಭಾಮಿನಿ ಷಟ್ಪದಿಯಲ್ಲಿ 1, 2, 4, 5ನೆಯ ಸಾಲುಗಳು ಮೂರು ಮತ್ತು ನಾಲ್ಕು ಮಾತ್ರೆಯ ಗಣ ಎರಡೆರಡು ಸಲ ಬಂದು 14 ಮಾತ್ರೆ. 3 ಮತ್ತು 6ನೆಯ ಸಾಲುಗಳಲ್ಲಿ ಅದೇ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು, ಅಂದರೆ 23. ಒಟ್ಟು 102. ಈಗ ಸಾಲಿನ ಮೊದಲ ಪದ ‘ಕೊಡು’ ಎಂದು ಹಿಡಿಯಿರಿ. ಅದು ಎರಡೇ ಮಾತ್ರೆ. ಮುಂದಿನ ಅಕ್ಷರ ಎಳೆದುಕೊಂಡು ಮೂರು ಮಾಡಿದರೆ ಸಾಲಿನ ಕೊನೆಗೆ ಒಂದು ಕಡಿಮೆ ಬಿದ್ದು 13ಕ್ಕೆ ನಿಲ್ಲುತ್ತದೆ. ‘ಕೋಡು’ ಎಂದು ಓದಿ, ಮೂರು ಮಾತ್ರೆಯ ಗಣ ತಾನಾಗಿ ಕೂಡುತ್ತದೆ. ಇದು ಒಂದು ಸಾಕ್ಷಿ. ಎರಡನೆಯ ಸಾಕ್ಷಿ ಪ್ರಾಸ. ಆರೂ ಸಾಲುಗಳ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರಬೇಕು, ಅಷ್ಟೇ ಅಲ್ಲ, ಅದರ ಹಿಂದಿನ ಅಕ್ಷರ ಒಂದರಲ್ಲಿ ದೀರ್ಘವಾಗಿದ್ದರೆ ಎಲ್ಲದರಲ್ಲೂ ದೀರ್ಘವಾಗಿರಬೇಕು, ಗಜಪ್ರಾಸ ಎನ್ನುವುದು ಅದಕ್ಕೇ. ಉಳಿದ ಐದು ಸಾಲುಗಳು ಬೀಡು, ನಾಡು, ಕೂಡು ಎಂದು ಶುರುವಾಗಿದ್ದರೆ ಆರನೆಯದು ಕೊಡು ಆಗಲಾರದು. “ಎರಡ ಸಾಕ್ಷಿ ಆದವು ತಮ್ಮಾ, ಇನ್ನ ಅರ್ಥಾ ಕೇಳು” ಎನ್ನುವರು ಸರ್. ಅರ್ಥ ಯಾವಾಗಲೂ ಮೂರನೆಯ ಸಾಕ್ಷಿ.

ಮಾತ್ರೆ ಎಣಿಸುವವನು ಬೀಳುವ ಒಂದು ತಗ್ಗೂ ಇದೆ. ಒತ್ತಕ್ಷರದ ಹಿಂದಿನದು ಗುರು ಎಂಬ ನಿಯಮವನ್ನು ಕಣ್ಣು ಮುಚ್ಚಿ ನಡೆಸಿದರೆ ಅಮರ್ದು, ಅಡರ್ದು ತರದ ಪದ ಬಂದಲ್ಲೆಲ್ಲ ಒಂದು ಮಾತ್ರೆ ಹೆಚ್ಚಾಗುತ್ತದೆ. ಅಲ್ಲಿನ ಒತ್ತು ತೇಲಿಸಿ ಉಚ್ಚರಿಸುವಂಥದ್ದು, ಶಿಥಿಲದ್ವಿತ್ವ. ಹೊಸಬರು ಇಂಥಲ್ಲಿ ‘ಛಂದಸ್ಸು ಕೆಟ್ಟಿದೆ’ ಎಂದು ಬರೆದು ಪಾಠವನ್ನು, ಅಂದರೆ ಪ್ರತಿಯಲ್ಲಿರುವ ಪದರೂಪವನ್ನು, ತಿದ್ದುತ್ತಾರೆ. ಕೆಟ್ಟಿದ್ದು ಪದ್ಯವಲ್ಲ, ಎಣಿಕೆ.

ಪ್ರತಿಗಳನ್ನು ಹೋಲಿಸುವ ಕ್ರಮವನ್ನು ಅವರು ಒಮ್ಮೆಯೂ ಬದಲಿಸಲಿಲ್ಲ. ಫುಲ್‌ಸ್ಕೇಪ್ ಹಾಳೆ, ಒಂದೇ ಮಗ್ಗುಲಿಗೆ ಬರಹ, ಒಂದು ಹಾಳೆಗೆ ಒಂದೇ ಪದ್ಯ. ಎಡ ಅರ್ಧದಲ್ಲಿ ಎಲ್ಲಕ್ಕಿಂತ ಪೂರ್ಣವಾದ ಪ್ರತಿಯ ಪಾಠ, ಬಲ ಅರ್ಧ ಖಾಲಿ. ಪ್ರತಿಗಳಿಗೆ ಕ, ಖ, ಗ ಎಂದು ಹೆಸರು. ಆಮೇಲೆ ಇಬ್ಬರು ಕೂಡಬೇಕು. ಒಬ್ಬರು ಗರಿ ನೋಡಿ ಅಕ್ಷರ ಅಕ್ಷರ ಓದುವುದು, ಇನ್ನೊಬ್ಬರು ಹಾಳೆಯ ಮೇಲೆ ಬೆರಳಿಟ್ಟು ಹೋಲಿಸುವುದು. ಒಬ್ಬರೇ ಎರಡೂ ಮಾಡಿದರೆ ಕಣ್ಣು ಹಾಳೆಯಲ್ಲಿದ್ದದ್ದನ್ನೇ ಗರಿಯಲ್ಲೂ ಕಾಣತೊಡಗುತ್ತದೆ. ಅರ್ಧ ತಾಸಿಗೊಮ್ಮೆ ಕೆಲಸ ಅದಲುಬದಲು. ದಿನಕ್ಕೆ ಇಪ್ಪತ್ತೈದು ಪದ್ಯ ಮುಗಿದರೆ ಅವರ ಲೆಕ್ಕದಲ್ಲಿ ಒಳ್ಳೆಯ ದಿನ. ನಲವತ್ತು ಮುಗಿದರೆ ಮರುದಿನ ಆ ನಲವತ್ತನ್ನೂ ಮತ್ತೆ ನೋಡಿಸುತ್ತಿದ್ದರು.

ಲಿಪಿಕಾರರ ತಪ್ಪುಗಳಿಗೆ ಅವರಲ್ಲಿ ಒಂದು ಬೇರೆಯೇ ವಹಿ ಇತ್ತು. ವ ಮತ್ತು ಮ ಕೂಡಿಹೋಗುವುದು, ದ ಧ, ಬ ಭ, ಶ ಸ ಅದಲುಬದಲಾಗುವುದು, ಇವೆಲ್ಲ ಸಣ್ಣವು. ದೊಡ್ಡದು ಗ್ರಂಥಪಾತ. ಎರಡು ಸಾಲು ಒಂದೇ ಪದದಿಂದ ಮುಗಿದಿದ್ದರೆ ನಕಲು ಮಾಡುವವನ ಕಣ್ಣು ಮೊದಲ ಪದದಿಂದ ಎರಡನೆಯದಕ್ಕೆ ಹಾರುತ್ತದೆ, ನಡುವಿನದು ಬಿಟ್ಟುಹೋಗುತ್ತದೆ. ಹಾಗೆ ಬಿಟ್ಟದ್ದು ಎರಡು ಪ್ರತಿಗಳಲ್ಲಿ ಒಂದೇ ಕಡೆ ಇದ್ದರೆ ಅವೆರಡೂ ಒಂದೇ ತಾಯಿಪ್ರತಿಯ ಮಕ್ಕಳು, ಅವೆರಡರ ಮಾತನ್ನು ಎರಡು ಸಾಕ್ಷಿಯೆಂದು ಎಣಿಸಬಾರದು. ಇನ್ನೊಂದು ಬಗೆ ತಿಳಿದವನ ತಪ್ಪು. ಹಳಗನ್ನಡದ ಪದ ಅರ್ಥವಾಗದೆ ಲಿಪಿಕಾರ ತನ್ನ ಕಾಲದ ಪದ ಹಾಕುತ್ತಾನೆ, ಪೊಸ ಎಂದಿದ್ದದ್ದು ಹೊಸ ಆಗುತ್ತದೆ, ಱ ಹೋಗಿ ರ ಬರುತ್ತದೆ, ೞ ಹೋಗಿ ಳ ಬರುತ್ತದೆ. ಆದ್ದರಿಂದ ಎರಡು ಪಾಠಗಳಲ್ಲಿ ಒಂದು ಸುಲಭ, ಒಂದು ಕಠಿಣ ಇದ್ದು ಎರಡೂ ಛಂದಸ್ಸಿಗೆ ಹೊಂದಿದರೆ ಕಠಿಣವಾದದ್ದನ್ನು ಮೇಲಿಡಬೇಕು. ಕಠಿಣವನ್ನು ಸುಲಭ ಮಾಡಿದವರು ಬಹಳ, ಸುಲಭವನ್ನು ಕಠಿಣ ಮಾಡಿದವರು ಅಪರೂಪ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ ಅವರ ಮೇಜಿನಿಂದ ಕೆಳಗಿಳಿದದ್ದೇ ಇಲ್ಲ. ಅದರ ರಟ್ಟು ಎರಡು ಸಲ ಬದಲಾಗಿತ್ತು.

ಕಾಲ ನಿರ್ಣಯದ ಬಗ್ಗೆ ಒಂದೇ ಮಾತು. ಪ್ರತಿಯ ಕೊನೆಗೆ ‘ಪ್ರಭವ ಸಂವತ್ಸರ’ ಎಂದಷ್ಟೇ ಇದ್ದರೆ, ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುವುದರಿಂದ, ಅದು 1747 ಇರಬಹುದು, 1807 ಇರಬಹುದು, 1867 ಇರಬಹುದು. ಶಕವರ್ಷ ಕೊಟ್ಟಿದ್ದರೆ 78, ವರ್ಷದ ಕೊನೆಯ ತಿಂಗಳುಗಳಾದರೆ 79, ಕೂಡಿಸಿದರಾಯಿತು. ಕೊಡದಿದ್ದರೆ ತಿಥಿ ಮತ್ತು ವಾರ ಎರಡನ್ನೂ ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗ ಕೋಷ್ಟಕದಲ್ಲಿ ಹೊಂದಿಸಿ ನೋಡಬೇಕು, ಹೊಂದಿದ ವರ್ಷವೇ ವರ್ಷ. ವಾರ ಬಿಟ್ಟು ತಿಥಿ ಮಾತ್ರ ಇದ್ದರೆ ಸರ್ ಯಾವ ವರ್ಷವನ್ನೂ ಬರೆಯುತ್ತಿರಲಿಲ್ಲ.

ಈ ಎಲ್ಲ ಕೆಲಸ ವಾರಕ್ಕೆ 16 ತಾಸು ಪಾಠ ಹೇಳಿಕೊಂಡು ಆದದ್ದು. ಜಿಲ್ಲೆಯ ಕಾಲೇಜಿನಲ್ಲಿ ಕೂತು ಸಂಶೋಧನೆ ಮಾಡುವವರಿಗೆ ಗ್ರಂಥಾಲಯವೇ ದೊಡ್ಡ ಕೊರತೆ. 1939ರಲ್ಲಿ ಶುರುವಾದ ಕನ್ನಡ ಸಂಶೋಧನ ಸಂಸ್ಥೆ ಧಾರವಾಡದಲ್ಲಿ, ವಿಶ್ವವಿದ್ಯಾಲಯವೂ ಧಾರವಾಡದಲ್ಲಿ. ಮೊದಲು ಸೊಲ್ಲಾಪುರ–ಗದಗ ಮೀಟರ್ ಗೇಜ್ ರೈಲಿನಲ್ಲಿ, ಆಮೇಲೆ ಕೊಲ್ಹಾರದಲ್ಲಿ ಕೃಷ್ಣೆ ದಾಟುವ ಬಸ್ಸಿನಲ್ಲಿ ಅಕ್ಟೋಬರ್ ರಜೆ, ಬೇಸಿಗೆ ರಜೆ ಎಲ್ಲ ಅಲ್ಲಿಗೇ ಹೋದವು. ಹೋಗುವ ಮೊದಲು ಕೇಳಬೇಕಾದ ಪ್ರಶ್ನೆಗಳನ್ನು ಐದಿಂಚು ಮೂರಿಂಚಿನ ಕಾರ್ಡುಗಳ ಮೇಲೆ ಬರೆದು ದಾರ ಕಟ್ಟಿಕೊಳ್ಳುತ್ತಿದ್ದರು, ಒಂದು ಕಾರ್ಡಿಗೆ ಒಂದೇ ಪ್ರಶ್ನೆ. ಬಾಂಬೆ ಕರ್ನಾಟಕದ ಶಾಸನಗಳು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 11, 15, 18 ಮತ್ತು 20ನೆಯ ಸಂಪುಟಗಳಲ್ಲಿವೆ. ಒಂದು ಊರಿನ ಹೆಸರಿನ ಹಳೆಯ ರೂಪ ಬೇಕಾದರೆ ಮೊದಲು ಅಲ್ಲಿ, ಪದದ ಅರ್ಥಕ್ಕೆ ಮೊದಲು 1894ರ ಕಿಟ್ಟೆಲ್, ಆಮೇಲೆ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟು. ಈ ಕ್ರಮ ತಪ್ಪಿಸಿ ಯಾರಾದರೂ ಊಹೆಯಿಂದ ಶುರುಮಾಡಿದರೆ ಅವರಿಗೆ ಸಿಟ್ಟು ಬರುತ್ತಿತ್ತು.

ನಮ್ಮ ಊರಿನಲ್ಲಿ ಈ ಕೆಲಸಕ್ಕೆ ಅಡಿಗಲ್ಲು ಹಾಕಿದವರು ಫ.ಗು. ಹಳಕಟ್ಟಿ. ವಕೀಲಿ ಮಾಡುತ್ತಲೇ ಮನೆಮನೆಯ ತಾಳೆಗರಿ ಹುಡುಕಿ 1923ರಲ್ಲಿ ‘ವಚನಶಾಸ್ತ್ರಸಾರ’ ತಂದರು, 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು, 1926ರಿಂದ ‘ಶಿವಾನುಭವ’ ನಡೆಸಿದರು. ಸರ್ ಇದನ್ನು ಪ್ರತಿ ವರ್ಷ ಮೊದಲ ತರಗತಿಯಲ್ಲಿ ಹೇಳುತ್ತಿದ್ದರು, ಹೇಳಿ ಒಂದು ಎಚ್ಚರಿಕೆಯನ್ನೂ ಸೇರಿಸುತ್ತಿದ್ದರು. ವಚನಕ್ಕೆ ಮಾತ್ರೆಯ ಲೆಕ್ಕವಿಲ್ಲ, ಪ್ರಾಸದ ಕಟ್ಟೂ ಇಲ್ಲ. ಷಟ್ಪದಿಯಲ್ಲಿ ಸಿಗುವ ಎರಡು ಸಾಕ್ಷಿ ಅಲ್ಲಿ ಸಿಗುವುದಿಲ್ಲ. ಒಂದೇ ವಚನ ಒಂದು ಕಟ್ಟಿನಲ್ಲಿ ಒಂದು ಅಂಕಿತದಿಂದ, ಇನ್ನೊಂದರಲ್ಲಿ ಬೇರೆ ಅಂಕಿತದಿಂದ ಬರಬಹುದು. ಆಗ ಯಾವ ಕಟ್ಟು ಹಳೆಯದು, ಯಾವುದು ಯಾವುದರಿಂದ ನಕಲಾಯಿತು ಎಂಬುದನ್ನು ಬಿಟ್ಟರೆ ಬೇರೆ ದಾರಿಯಿಲ್ಲ. ತಮ್ಮ ಶಕ್ತಿ ಷಟ್ಪದಿಗೆ ಸಾಕು, ವಚನಕ್ಕೆ ಸಾಲದು ಎಂದು ಅವರು ಆ ಕೆಲಸಕ್ಕೆ ಕೈಹಾಕಲಿಲ್ಲ. ಆ ತೀರ್ಮಾನ ಸರಿಯಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ತ್ರಿಪದಿಯ ಪಾಠ ಮಾತ್ರ ತರಗತಿಯಲ್ಲಿ ನಡೆಯುತ್ತಿರಲಿಲ್ಲ, ಬಾದಾಮಿಯಲ್ಲಿ ನಡೆಯುತ್ತಿತ್ತು. ಅಗಸ್ತ್ಯತೀರ್ಥ ಕೆರೆಯ ಮೇಲಿನ ಬಂಡೆಯಲ್ಲಿ ಸುಮಾರು 700ರ ಕಪ್ಪೆ ಅರಭಟ್ಟನ ಶಾಸನವಿದೆ, ಕನ್ನಡದಲ್ಲಿ ಸಿಕ್ಕ ಅತಿ ಹಳೆಯ ತ್ರಿಪದಿಗಳು ಅಲ್ಲಿವೆ. ತ್ರಿಪದಿಗೆ ಒಟ್ಟು 11 ಅಂಶಗಣ (ಮಾತ್ರೆಯಿಂದಲ್ಲ, ಅಂಶದಿಂದ ಅಳೆಯುವ ಗಣ), ಸಾಲಿಗೆ ನಾಲ್ಕು, ನಾಲ್ಕು, ಮೂರು. 6ನೆಯದು ಮತ್ತು 10ನೆಯದು ಬ್ರಹ್ಮಗಣ, ಉಳಿದವೆಲ್ಲ ವಿಷ್ಣುಗಣ. ಬ್ರಹ್ಮಕ್ಕೆ ಎರಡು ಅಂಶ, ವಿಷ್ಣುವಿಗೆ ಮೂರು, ಮೊದಲ ಅಂಶದಲ್ಲಿ ಒಂದು ಗುರು ಇಲ್ಲವೆ ಎರಡು ಲಘು. ಸರ್ ಬಂಡೆಯ ಮುಂದೆ ನಿಂತು ಅಲ್ಲಿನ ಪದ್ಯವನ್ನು ಗಣಗಳಾಗಿ ಒಡೆದು ತೋರಿಸುವರು: ಸಾಧುಗೆ, ಸಾಧುಮಾ, ಧುರ್ಯಂಗೆ, ಮಾಧುರ್ಯಂ, ನಾಲ್ಕು ಆದವು. ಬಾಧಿಪ್ಪ, ಐದು. ‘ಕಲಿಗೆ’ ಆರು, ‘ಕಲಿ’ ಒಂದು ಅಂಶ, ‘ಗೆ’ ಒಂದು ಅಂಶ, ಬ್ರಹ್ಮ ಬರಬೇಕಾದಲ್ಲೇ ಬಂದ. ಕಲಿಯುಗ, ವಿಪರೀತನ್, ಎಂಟು. ಮಾಧವ, ಒಂಬತ್ತು. ‘ನೀತನ್’ ಹತ್ತು, ಮತ್ತೆ ಬ್ರಹ್ಮ. ಪೆಱನಲ್ಲ, ಹನ್ನೊಂದು. ಸಾಧು, ಬಾಧಿ, ಮಾಧವ, ಮೂರೂ ಸಾಲಿನಲ್ಲಿ ಧಕಾರ, ಅದರ ಹಿಂದೆ ದೀರ್ಘ. ಸಾವಿರದ ಮುನ್ನೂರು ವರ್ಷದ ಹಿಂದೆ ಕಲ್ಲಿನಲ್ಲಿ ಕಡೆದವನು ಒಂದು ಗಣವನ್ನೂ ತಪ್ಪಿಸಿಲ್ಲ. ಇದನ್ನು ಹೇಳುವಾಗ ಅವರ ದನಿ ತಗ್ಗುತ್ತಿತ್ತು.

ಹಳ್ಳಿಯ ಹಾಡಿನ ತ್ರಿಪದಿಗೆ ಬಂದರೆ ಅಳತೆ ಬದಲಾಗಿದೆ, ವಿಷ್ಣುಗಣ ಹೆಚ್ಚಾಗಿ ಐದು ಮಾತ್ರೆಯ ಹತ್ತಿರ ನಿಂತಿದೆ. ‘ಬೆಳಗಾಗಿ ನಾನೆದ್ದು ಯಾರ್ಯಾರ ನೆನೆಯಲಿ’ ಎಂಬುದನ್ನು ಎಣಿಸಿ. ಐದು, ಐದು, ಐದು, ಕೊನೆಗೆ ನಾಲ್ಕು. ಒಂದು ಎಲ್ಲಿ ಹೋಯಿತು? ಬೀಸುಕಲ್ಲಿನ ಮುಂದೆ ಕೂತವಳು ‘ನೆನೆಯಲಿ’ ಅನ್ನುವುದಿಲ್ಲ, ‘ನೆನೆಯಾಲಿ’ ಅನ್ನುತ್ತಾಳೆ. ಒಂದು ಮಾತ್ರೆ ಬರೆದವರ ಕೈಯಲ್ಲಿ ಕಳೆದಿದೆ, ಹಾಡಿದವಳ ಬಾಯಲ್ಲಿ ಅಲ್ಲ. ಹಾಡು ಸಂಗ್ರಹಿಸುವವರು ಮಾಡುವ ದೊಡ್ಡ ತಪ್ಪು ಇದೇ. “ಹಾಡಬ್ಯಾಡವ್ವ, ಹಂಗ ಹೇಳು, ಬರಕೋತೀನಿ” ಎಂದು ಕೂತರೆ ಹೇಳುವವಳು ಎಳೆತ ಬಿಡುತ್ತಾಳೆ, ತಿರುಗಿ ಹಿಡಿಯುವ ಎರಡನೆಯ ಸಾಲು ಬಿಡುತ್ತಾಳೆ, ನಡುವೆ ಬರುವ ‘ನನ್ನವ್ವ’, ‘ನನ ತಂಗಿ’ ಬಿಡುತ್ತಾಳೆ. ಎಷ್ಟೋ ಜನಕ್ಕೆ ಹಾಡಿದರಷ್ಟೇ ನೆನಪು ಬರುತ್ತದೆ, ಹೇಳು ಎಂದರೆ ಎರಡನೆಯ ಸಾಲಿಗೇ ನಿಲ್ಲುತ್ತದೆ. ಸರ್ 60 ನಿಮಿಷದ ಕ್ಯಾಸೆಟ್ಟು ಒಯ್ಯುತ್ತಿದ್ದರು. ಮಗ್ಗುಲು ಬದಲಿಸುವಾಗ ಹಾಡು ತುಂಡಾಗಬಾರದೆಂದು 25 ನಿಮಿಷಕ್ಕೇ ತಿರುವಿ ಹಾಕುತ್ತಿದ್ದರು. ಬರೆದುಕೊಳ್ಳುವುದು ಆಮೇಲೆ, ಮನೆಯಲ್ಲಿ, ಮೂರು ಸಲ ಕೇಳಿ. 1931ರಲ್ಲಿ ‘ಗರತಿಯ ಹಾಡು’ ತಂದ ಹಲಸಂಗಿ ಗೆಳೆಯರಿಗೆ ಈ ಅನುಕೂಲ ಇರಲಿಲ್ಲ, ಆದರೂ ಅವರ ಕಿವಿ ಎಷ್ಟು ಸೂಕ್ಷ್ಮ ಎಂಬುದನ್ನು ಸರ್ ಮತ್ತೆ ಮತ್ತೆ ಹೇಳುವರು. ಆ ಗೆಳೆಯರಲ್ಲಿ ಮಧುರಚೆನ್ನರು ಕವಿ, ಆ ಕಿವಿ ಅಲ್ಲಿಂದ ಬಂದದ್ದು.

ಸರ್ ಅವರ ಕವಿತೆಗಳ ಬಗ್ಗೆ ಬರೆಯುವುದು ಕಷ್ಟ, ಅವರು ಅವುಗಳ ಬಗ್ಗೆ ಮಾತಾಡಿದ್ದೇ ಕಡಿಮೆ. ಮೊದಲ ಸಂಕಲನದಲ್ಲಿ ವಿದ್ವತ್ತು ಹೊರೆಯಾಗಿದೆ. ಹಳಗನ್ನಡದ ಪದಗಳು ಗೋಡೆಗೆ ನೇತುಹಾಕಿದ ಹಳೆಯ ಆಯುಧದ ಹಾಗೆ ಕಾಣುತ್ತವೆ, ಕೆಲಸಕ್ಕೆ ಬಂದಿಲ್ಲ. ಎರಡನೆಯದರ ಹೊತ್ತಿಗೆ ಅವರು ಡೋಣಿ ಹೊಳೆಯ ಸಾಲಿನ ಹಳ್ಳಿಗಳಲ್ಲಿ ಹತ್ತು ವರ್ಷ ಹಾಡು ಕೇಳಿದ್ದರು. ಹಸ್ತಪ್ರತಿಯಲ್ಲಿ ‘ಧಾನ್ಯ’ ಹೊಡೆದು ‘ಕಾಳು’ ಮಾಡಿದ್ದಾರೆ, ‘ಮೃತ್ತಿಕೆ’ ಹೊಡೆದು ‘ಎರಿ’ ಮಾಡಿದ್ದಾರೆ. ಪದ ಸಣ್ಣದಾದಾಗ ಸಾಲಿನ ನಡಿಗೆ ಬದಲಾಯಿತು, ಅದಕ್ಕಾಗಿ ಮುಂದಿನ ಸಾಲನ್ನೂ ಒಡೆದು ಕಟ್ಟಿದ್ದಾರೆ. ಛಂದೋಬದ್ಧವಲ್ಲದ ಕವಿತೆಗಳೇ ಅವು. ಆದರೆ ಗಟ್ಟಿಯಾಗಿ ಓದಿದರೆ ಐದರ ಹೆಜ್ಜೆ ಒಳಗೆ ಎಲ್ಲೋ ಕೇಳಿಸುತ್ತದೆ, ಬೇಕಾದಲ್ಲಿ ಮುರಿಯುತ್ತದೆ. ಎಣಿಸಿ ಗೊತ್ತಿದ್ದವನು ಮುರಿದದ್ದಕ್ಕೂ ಗೊತ್ತಿಲ್ಲದೆ ಮುರಿದದ್ದಕ್ಕೂ ವ್ಯತ್ಯಾಸ ಇದೆ. ‘ಡೋಣಿ ಬೆಳೆದರ ಓಣೆಲ್ಲಾ ಜ್ವಾಳ’ ಎಂಬ ನಮ್ಮ ಕಡೆಯ ಗಾದೆಯಲ್ಲಿ ಡೋಣಿ, ಓಣಿ ಗಜಪ್ರಾಸ ಎಂದು ತೋರಿಸಿಕೊಟ್ಟವರೂ ಅವರೇ. ಜನ ಮಾತಾಡುವಾಗಲೇ ಪ್ರಾಸ ಹಿಡಿಯುತ್ತಾರೆ, ಕವಿ ಅದನ್ನು ಕೆಡಿಸದಿದ್ದರೆ ಸಾಕು ಎಂಬುದು ಅವರ ನಂಬಿಕೆ.

ಅಚ್ಚಿನ ಕೆಲಸದಲ್ಲಿ ಅವರಿಗೆ ಆದ ನೋವು ಒಂದಿದೆ. ಒಂದು ಪತ್ರಿಕೆ ಅವರ ದೀರ್ಘ ಲೇಖನವನ್ನು ಜಾಗ ಸಾಲದೆಂದು ಅಡಿಟಿಪ್ಪಣಿಗಳನ್ನೆಲ್ಲ ಕಿತ್ತು ಅಚ್ಚು ಹಾಕಿತು. ಪಾಠಾಂತರಗಳು, ಅಂದರೆ ಬೇರೆ ಪ್ರತಿಗಳ ಭಿನ್ನ ಪಾಠಗಳು, ಇದ್ದದ್ದೇ ಅಡಿಟಿಪ್ಪಣಿಯಲ್ಲಿ. ಓದಿದವರಿಗೆ ಅವರು ಸುಮ್ಮನೆ ತಮಗೆ ಬೇಕಾದ ಪಾಠ ಹಾಕಿಕೊಂಡಂತೆ ಕಂಡಿತು, ಒಂದು ವಿಮರ್ಶೆಯಲ್ಲಿ ಹಾಗೆಯೇ ಬಂತು. ಅವರು ಉತ್ತರ ಬರೆಯಲಿಲ್ಲ. ಅದಾದ ಮೇಲೆ ಪಾಠಾಂತರವನ್ನು ಪುಟದ ಅಡಿಗೇ, ಪದ್ಯದ ಕೆಳಗೇ ಹಾಕುವ ಮುದ್ರಕರು ಸಿಗುವ ತನಕ ಪುಸ್ತಕವನ್ನು ತಡೆದಿಟ್ಟರು. ಮೊಳೆಜೋಡಣೆಯ ಕಾಲ ಅದು. ಕರಡು ತಿದ್ದುವಾಗ ತಿದ್ದಿದ ಸಾಲನ್ನಷ್ಟೇ ನೋಡಿದರೆ ಸಾಲದು, ಅದರ ಮೇಲಿನ ಕೆಳಗಿನ ಸಾಲುಗಳನ್ನೂ ಮತ್ತೆ ನೋಡಬೇಕು. ಮೊಳೆ ಕೀಳುವಾಗ ಪಕ್ಕದ ಸಾಲಿನ ಒತ್ತು ಜಾರಿ ಬೀಳುತ್ತದೆ, ಹೊಸ ತಪ್ಪು ಹುಟ್ಟುವುದು ಹಾಗೆ. ಈಗ ಕಂಪ್ಯೂಟರಿನಲ್ಲಿ ‘ನುಡಿ’ ತಂತ್ರಾಂಶದಿಂದ ಯೂನಿಕೋಡಿಗೆ ಬದಲಿಸುವವರು ಮೊದಲು ಱ, ೞ ಮತ್ತು ಅರ್ಕಾವತ್ತು ಇದ್ದ ಜಾಗ ನೋಡಲಿ. ಸರ್ ಪುಸ್ತಕದ ಮರುಮುದ್ರಣಕ್ಕೆ ಕೂತಿರುವ ಈಗಿನ ವಿದ್ಯಾರ್ಥಿಗಳಿಗಾಗಿ ಇದನ್ನು ಬರೆದಿದ್ದೇನೆ.

ಆ ವಿದ್ಯಾರ್ಥಿಗಳು ಇನ್ನೊಂದನ್ನೂ ನೋಡಬೇಕು. ಸರ್ ಸಂಪಾದಿಸಿದ ಷಟ್ಪದಿ ಕಾವ್ಯದ ನಡುವೆ ಒಂದು ಪದ್ಯದ ಆರನೆಯ ಸಾಲು ಮೂರೂ ಪ್ರತಿಗಳಲ್ಲಿ ಇಲ್ಲ. ಎರಡರಲ್ಲಿ ಗ್ರಂಥಪಾತ, ಒಂದರಲ್ಲಿ ಗರಿಯ ಆ ತುದಿ ಹುಳು ತಿಂದು ಹೋಗಿದೆ. ಹಿಂದಿನ ಐದು ಸಾಲಿನಿಂದ ಅರ್ಥ ಎತ್ತ ಹೊರಟಿದೆ ಎಂಬುದು ಸ್ಪಷ್ಟ, ಪ್ರಾಸಾಕ್ಷರ ಗೊತ್ತು, ಅಳತೆ ಗೊತ್ತು. ಹಾಗೆ ನೋಡಿದರೆ ಕಾಲು ತಾಸಿನ ಕೆಲಸ, ಅವರಂಥವರಿಗೆ ಅಷ್ಟೂ ಬೇಡ. ಅಚ್ಚಿನಲ್ಲಿ ಆ ಜಾಗದಲ್ಲಿ ಕಂಸದೊಳಗೆ ಚುಕ್ಕೆಗಳಿವೆ. ವಿಭಾಗದ ಗ್ರಂಥಾಲಯಕ್ಕೆ ಅವರು ಕೊಟ್ಟುಹೋದ ಸ್ವಂತ ಪ್ರತಿಯಲ್ಲಿ ಅದೇ ಪುಟ ತೆರೆದರೆ, ಚುಕ್ಕೆಗಳ ಮೇಲೆ ಪೆನ್ಸಿಲಿನಲ್ಲಿ 3, 4, 3, 4, 3, 4, ಕೊನೆಗೊಂದು ಗುರುವಿನ ಗುರುತು, ಎರಡನೆಯ ಅಕ್ಷರದ ಜಾಗದಲ್ಲಿ ‘ಳ’. ಬೇರೆ ಅಕ್ಷರವಿಲ್ಲ.